ಹಗ್ಗ ಬಿಚ್ಚಿದ ನಾಯಿಗಳ ನಡುವೆ

ಮಕ್ಕಳೇ, ನಮ್ಮ ಬೆಟಗೇರಿಯಲ್ಲಿ ನಾಯಿಗೆ ಹಗ್ಗ ಕಟ್ಟುವವರೇ ಕಡಿಮೆ. ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತ ಅವು ಹಾಯಾಗಿ ಮಲಗಿರುತ್ತವೆ. ನಾನು ಮಾತ್ರ ಸುತ್ತುಹಾಕಿ ಹೋಗುವವ. ಎಂಟು ವರ್ಷದವನಿದ್ದಾಗ ನಾಯಿ ಕಚ್ಚಿತ್ತು. ಅಪ್ಪ ಬೈದಾರೆಂದು ಎರಡು ದಿನ ಮುಚ್ಚಿಟ್ಟೆ. ಆಮೇಲೆ ಹೊಕ್ಕುಳ ಸುತ್ತ 14 ಚುಚ್ಚುಮದ್ದು! ನಾನು ಬ್ಯಾಂಕಿನಿಂದ ನಿವೃತ್ತನಾದರೂ ಆ ಭಯ ನಿವೃತ್ತಿಯಾಗಲಿಲ್ಲ.

ಹೋದ ತಿಂಗಳು ಬೆಂಗಳೂರಿಗೆ ಹೋದಾಗ ಮೊಮ್ಮಗಳು ಕಬ್ಬನ್ ಪಾರ್ಕಿನ ನಾಯಿ ಉದ್ಯಾನಕ್ಕೆ ಕರೆದೊಯ್ದಳು. 1870ರ ಆ ದೊಡ್ಡ ತೋಟದೊಳಗೆ ಬೇಲಿ ಹಾಕಿದ ಜಾಗವದು. ಒಳಗೆ ಹೋದಮೇಲೆ ನಾಯಿಗಳ ಹಗ್ಗ ಬಿಚ್ಚುತ್ತಾರೆ. ಲ್ಯಾಬ್ರಡಾರ್, ಪಗ್, ಬೀದಿಯಿಂದ ತಂದು ಸಾಕಿದ ನಾಡನಾಯಿ ಎಲ್ಲ ಸೇರಿ ಧೂಳೆಬ್ಬಿಸಿದವು. ನನ್ನ ಕಾಲು ನಡುಗಿದವು.

"ಅಜ್ಜಾ, ಓಡಬೇಡ. ದಿಟ್ಟಿಸಿ ನೋಡಬೇಡ. ಕೈ ಕೆಳಗಿಟ್ಟು ಸುಮ್ಮನೆ ನಿಲ್ಲು" ಎಂದಳು. ನಿಂತೆ. ಸಣ್ಣ ನಡುವಿನ, ಉದ್ದ ಕಾಲಿನ ಮುಧೋಳ ನಾಯಿಯೊಂದು ಬಂದು ಚಪ್ಪಲಿ ಮೂಸಿತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಸೀಮೆಯ ತಳಿ! ಊರಿನವರು ಸಿಕ್ಕಷ್ಟು ಸಂತೋಷವಾಯಿತು. ಅದು ಮೂಸಿ ತನ್ನ ಪಾಡಿಗೆ ಓಡಿತು.

ಈಗ ಬೆಟಗೇರಿಯಲ್ಲಿ ನೇರ ದಾರಿಯಲ್ಲೇ ನಡೆಯುತ್ತೇನೆ. ಆದರೂ ಒಂದು ಮಾತು: ತಿನ್ನುತ್ತಿರುವ ನಾಯಿಯ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬೇಡಿ. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ನನ್ನಂತೆ ಮುಚ್ಚಿಡಬೇಡಿ. ಈಗ ಸೂಜಿ ಚುಚ್ಚುವುದು ತೋಳಿಗೆ, ಹೊಟ್ಟೆಗಲ್ಲ!