ಹತ್ತಡಿ ಕಾರಿನ ಊರು

ಇಂಗ್ಲೆಂಡಿನ ಗೇಡನ್ ಊರಿನ ಮೋಟಾರು ವಸ್ತುಸಂಗ್ರಹಾಲಯದಲ್ಲಿ 1959ರ ಬಿಳಿ ಮಿನಿ ಕಾರೊಂದಿದೆ. ಉದ್ದ ಹತ್ತೇ ಅಡಿ. ಆಟಿಕೆಯೇ ಸರಿ ಎನಿಸುತ್ತದೆ. ಒಳಗೆ ಇಣುಕಿದರೆ ಮಾತ್ರ ಅಚ್ಚರಿ, ನಾಲ್ವರಿಗೆ ಜಾಗವಿದೆ!

ಸೂಯೆಜ್ ಬಿಕ್ಕಟ್ಟಿನಿಂದ 1956ರ ಕೊನೆಗೆ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಕಡಿಮೆ ಪೆಟ್ರೋಲಿನಲ್ಲಿ ಓಡುವ ಪುಟ್ಟ ಕಾರು ಬೇಕಾಯಿತು. ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ, ಗೇರುಪೆಟ್ಟಿಗೆಯನ್ನು ಅದರ ಕೆಳಗೇ ಕೂರಿಸಿದರು. ಎರಡಕ್ಕೂ ಒಂದೇ ಎಣ್ಣೆ! ಶಕ್ತಿ ಮುಂದಿನ ಚಕ್ರಗಳಿಗೇ ಹೋಗುವುದರಿಂದ ಹಿಂದಕ್ಕೆ ಚಾಚುವ ಉದ್ದನೆಯ ದಂಡ ಬೇಕಿಲ್ಲ. ಚಕ್ರಗಳೋ 10 ಅಂಗುಲದವು. ಉಕ್ಕಿನ ಸ್ಪ್ರಿಂಗಿನ ಬದಲು ರಬ್ಬರು. ಹೀಗೆ ಉಳಿಸಿದ ಜಾಗವೆಲ್ಲ ಜನರಿಗೆ. (ನಮ್ಮ ಮಾರುತಿ 800ರ ಎಂಜಿನ್ನೂ ಅಡ್ಡಲಾಗಿಯೇ ಕೂತಿತ್ತು.) ಮೊದಲ ಮಿನಿಗಳು ಜೋರು ಮಳೆಯಲ್ಲಿ ಮುನಿಸಿಕೊಂಡು ನಿಲ್ಲುತ್ತಿದ್ದುದೂ ಉಂಟೆನ್ನಿ.

ಬರ್ಮಿಂಗ್‌ಹ್ಯಾಮಿನ ಅಂಚಿನ ಲಾಂಗ್‌ಬ್ರಿಜ್ ಕಾರ್ಖಾನೆಯಿಂದ ಹಳೆಯ ಮಾದರಿಯ ಕೊನೆಯ ಮಿನಿ ಹೊರಬಂದದ್ದು 2000ದ ಅಕ್ಟೋಬರಿನಲ್ಲಿ. ಅಷ್ಟರಲ್ಲಿ 53 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. 2005ರಲ್ಲಿ ಕಾರ್ಖಾನೆ ನಡೆಸುತ್ತಿದ್ದ ಕಂಪನಿಯೇ ಮುಳುಗಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಆ ನೆಲದಲ್ಲಿ ಆಮೇಲೆ ಅಂಗಡಿ, ಮನೆ, ಕಾಲೇಜು ಎದ್ದವು.

ಮಿನಿಗೆ ಮಾತ್ರ ಮುಪ್ಪಿಲ್ಲ. ತುಕ್ಕು ತಿಂದ ಕಾರಿಗೆ ಇಡೀ ಹೊರಕವಚವನ್ನೇ ಹಳೆಯ ಅಚ್ಚುಗಳಲ್ಲಿ ಹೊಸದಾಗಿ ಒತ್ತಿ ಕೊಡುವವರು ಇಂಗ್ಲೆಂಡಿನಲ್ಲಿದ್ದಾರೆ.