ಬಂದೂಕಿನ ಊರಿನ ಕಾಲ್ಚೆಂಡು

ಉತ್ತರ ಸ್ಪೇನಿನ ಬಾಸ್ಕ್ ನಾಡಿನಲ್ಲಿ, ಬಿಲ್ಬಾವೋ ಮತ್ತು ಸಾನ್ ಸೆಬಾಸ್ಟಿಯನ್ ನಗರಗಳ ನಡುವಣ ಇಕ್ಕಟ್ಟಾದ ಕಣಿವೆಯೊಂದರಲ್ಲಿ ಎಯ್ಬಾರ್ ಎಂಬ ಪಟ್ಟಣವಿದೆ. ಜನಸಂಖ್ಯೆ ಸುಮಾರು 27,000. ಸಮತಟ್ಟಾದ ನೆಲ ಅಲ್ಲಿ ಬಲು ದುಬಾರಿ. ಎತ್ತರದ ಮನೆಗಳು ಒಂದರ ಹೆಗಲ ಮೇಲೊಂದು ಏರಿದಂತೆ ಇಳಿಜಾರಿನಲ್ಲಿ ನಿಂತಿವೆ.

ಶತಮಾನಗಳ ಕಾಲ ಊರಿನ ಕಸುಬು ಬಂದೂಕು ತಯಾರಿಕೆ. ಮೊದಲನೆಯ ಮಹಾಯುದ್ಧದ ತರುವಾಯ ಬೇಡಿಕೆ ಕುಗ್ಗಲು, ಅದೇ ಕೈಗಳು ಬೈಸಿಕಲ್ಲುಗಳನ್ನೂ ಹೊಲಿಗೆ ಯಂತ್ರಗಳನ್ನೂ ಮಾಡತೊಡಗಿದವು. 1937ರಲ್ಲಿ ಅಂತರ್ಯುದ್ಧದ ಬಾಂಬುಗಳಿಗೆ ಊರು ತುತ್ತಾಯಿತು. 1940ರಲ್ಲಿ ಆ ಅವಶೇಷಗಳ ನಡುವೆಯೇ ಕಾಲ್ಚೆಂಡಿನ ಸಂಘವೊಂದು ಹುಟ್ಟಿತು. ಅದರ ಆಟಗಾರರಿಗೆ ಇಂದಿಗೂ ‘ಬಂದೂಕುಗಾರರು’ ಎಂದೇ ಅಡ್ಡಹೆಸರು. ಅವರ ಮೈದಾನ ಇಪುರುವಾ. ಸುತ್ತಣ ಮನೆಗಳ ಮೊಗಸಾಲೆಯಲ್ಲಿ ನಿಂತವರಿಗೆ ಟಿಕೆಟಿನ ಹಂಗಿಲ್ಲ!

ಇಂಥ ಮೈದಾನಗಳಲ್ಲಿಯೇ ಸ್ಪೇನಿನ ಸಾಮಾನ್ಯ ಆಟಗಾರನ ಆಯುಷ್ಯ ಸವೆಯುವುದು. ಮೂರನೆಯ ಅಂತಸ್ತಿನ ಪಂದ್ಯಾವಳಿಯಲ್ಲಿ ಬಹುಕಾಲ 80 ತಂಡಗಳಿದ್ದವು. ಇಂದು ಒಂದು ಊರು, ಮರುವರ್ಷ ಇನ್ನೊಂದು. ಗಂಟುಮೂಟೆ ಬಿಚ್ಚುವ ಮೊದಲೇ ಕಟ್ಟುವ ಬದುಕು. ಹಾವಿ ಲಾರಾ ಅಂಥವರಲ್ಲೊಬ್ಬ. ಹುಟ್ಟಿದ್ದು 1985ರಲ್ಲಿ, ದಕ್ಷಿಣದ ಆಂಡಲೂಸಿಯಾ ಪ್ರಾಂತದ ಮೊಂಟೋರೋದಲ್ಲಿ. ಗ್ವಾದಲ್ಕಿವಿರ್ ನದಿಯ ತಿರುವಿನಲ್ಲಿರುವ, ಆಲಿವ್ ತೋಪುಗಳ ನಾಡು ಅದು. ಕೆಳ ಅಂತಸ್ತುಗಳಲ್ಲಿ ಅಲೆದಲೆದು ಎಯ್ಬಾರಿಗೆ ಬಂದಾಗ ವಯಸ್ಸು 28. ಮೊದಲ ಅಂತಸ್ತಿನ ಹುಲ್ಲನ್ನು ಅವನ ಕಾಲು ಅದುವರೆಗೆ ಮೆಟ್ಟಿರಲಿಲ್ಲ.

ಸಂಘವೂ ಮೆಟ್ಟಿರಲಿಲ್ಲ. 2013ರ ತನಕ ಮೂರನೆಯ ಅಂತಸ್ತಿನಲ್ಲಿದ್ದ ಎಯ್ಬಾರ್, 2014ರಲ್ಲಿ ಎರಡನೆಯದನ್ನು ಗೆದ್ದು ಮೇಲೇರುವ ಅರ್ಹತೆ ಪಡೆಯಿತು. ಆಗ ಕಾನೂನು ಅಡ್ಡ ಬಂದಿತು. ಎರಡನೆಯ ಅಂತಸ್ತಿನ ಸಂಘಗಳ ಸರಾಸರಿ ವೆಚ್ಚದ ಕಾಲುಭಾಗದಷ್ಟು ಮೂಲಧನ ಇರಲೇಬೇಕಂತೆ! ಇನ್ನೂ 17 ಲಕ್ಷ ಯೂರೋ ಕೂಡಿಸದಿದ್ದರೆ ಮೇಲೇರುವ ಮಾತಿರಲಿ, ಮತ್ತೆ ಮೂರನೆಯ ಅಂತಸ್ತಿಗೇ ಇಳಿಯಬೇಕು. ಕಾಸಿನ ಸಾಲವೂ ಇಲ್ಲದ ಸಂಘಕ್ಕೆ ಈ ಶಿಕ್ಷೆ. ಸಂಘವು 50 ಯೂರೋವಿನ ಷೇರುಗಳನ್ನು ಮಾರಲು ತೊಡಗಿತು. ಯಾವ ಧನಿಕನೂ ಸಂಘವನ್ನು ನುಂಗದಂತೆ, ಒಬ್ಬರಿಗೆ ಒಂದು ಲಕ್ಷ ಯೂರೋವಿನ ಮಿತಿಯನ್ನೂ ಹಾಕಿತು. ಊರವರು ಕೊಂಡರು, ಎಯ್ಬಾರ್ ಎಲ್ಲಿದೆಯೆಂದು ಕಂಡರಿಯದ ದೇಶಗಳವರೂ ಕೊಂಡರು. ಗಡುವಿಗೆ ಮುನ್ನವೇ ಹಣ ಕೂಡಿತು.

2014ರ ಆಗಸ್ಟ್ 24. ಇಪುರುವಾದಲ್ಲಿ ಮೊದಲ ಅಂತಸ್ತಿನ ಮೊಟ್ಟಮೊದಲ ಪಂದ್ಯ; ಎದುರಾಳಿ ನೆರೆಯ ಸಾನ್ ಸೆಬಾಸ್ಟಿಯನ್ನಿನ ಬಲಿಷ್ಠ ರಿಯಾಲ್ ಸೊಸಿಯೆದಾದ್. ಮೊದಲರ್ಧ ಮುಗಿಯುತ್ತಿರಲು ಎಯ್ಬಾರಿಗೆ ಫ್ರೀ ಕಿಕ್ ದೊರೆಯಿತು. ಹಾವಿ ಲಾರಾ ಒದ್ದ ಚೆಂಡು ನೇರವಾಗಿ ಬಲೆ ಸೇರಿತು. ಆ ಅಂತಸ್ತಿನಲ್ಲಿ ಊರಿನ ಮೊದಲ ಗೋಲು ಅದು. ಪಂದ್ಯದ ಏಕಮಾತ್ರ ಗೋಲೂ ಅದೇ.

ಮುಂದೆ ತಂಡ ಸೋಲುತ್ತ ಸೋಲುತ್ತ 18ನೆಯ ಸ್ಥಾನಕ್ಕಿಳಿಯಿತು. ನಿಯಮದಂತೆ ಕೆಳಗಿಳಿಯಬೇಕಿತ್ತು, ಆದರೆ ಸಾಲದ ಕಾರಣಕ್ಕೆ ಎಲ್ಚೆ ಸಂಘವನ್ನು ಕೆಳಗಿಳಿಸಿದ್ದರಿಂದ ಎಯ್ಬಾರ್ ಉಳಿಯಿತು. ಸಾಲ ಮಾಡದ ಜಾಣ್ಮೆಗೆ ವರ್ಷ ತಡವಾಗಿ ಸಂದ ಫಲವೆನ್ನಬಹುದು. 2021ರವರೆಗೆ, ಏಳು ಋತುಗಳ ಕಾಲ, ಅದು ಮೊದಲ ಅಂತಸ್ತಿನಲ್ಲಿ ಆಡಿತು.

ಲಾರಾ ಮಾತ್ರ ಮತ್ತೆ ಗಂಟು ಕಟ್ಟಿದ. ಈ ಬಾರಿ ಅವನು ಬಂದದ್ದು ನಮ್ಮ ದೇಶಕ್ಕೆ. 2016ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದ ಕೋಲ್ಕತ್ತಾ ತಂಡದಲ್ಲಿ ಅವನೂ ಇದ್ದ.