ಹಳೆಯ ಅಳತೆ, ಬೆಳೆಯುವ ಹುಡುಗಿ

ನಿಮ್ಮ ಮನೆಯ ಟ್ರಂಕಿನ ತಳದಲ್ಲೂ ಹಳೆಯ ಪೇಪರಿನ ಒಂದು ಸುರುಳಿ ಇದ್ದೀತು, ನೋಡಿ. ಮಕ್ಕಳ ಫ್ರಾಕಿನದೋ ನಿಮ್ಮ ರವಿಕೆಯದೋ ಅಳತೆಗೆಂದು ಕತ್ತರಿಸಿಟ್ಟ ಕಾಗದ. “ಇನ್ನು ಯಾರಿಗೆ ಹೊಲೀಬೇಕು, ಎಲ್ಲಾ ರೆಡಿಮೇಡ್ ಸಿಗುತ್ತಲ್ಲ” ಅಂತ ಅದನ್ನು ಬಚ್ಚಲ ಒಲೆಗೆ ಹಾಕುವ ಮೊದಲು ನನ್ನ ಎರಡು ಮಾತು ಕೇಳಿ.

ನನ್ನ ಹತ್ತಿರ ಇರುವುದು ಯೋಕ್ ಫ್ರಾಕಿನ ಅಳತೆ. 1986ರ ಬೇಸಿಗೆಯಲ್ಲಿ, ಏಳು ವರ್ಷದ ಮಗಳಿಗೆಂದು ದಿನಪತ್ರಿಕೆಯ ಹಾಳೆಯಲ್ಲಿ ಕತ್ತರಿಸಿದ್ದು. ಭುಜದಿಂದ ಎದೆಯ ಮೇಲಿನವರೆಗೆ ಯೋಕ್, ಅದರ ಕೆಳಗೆ ನೆರಿಗೆ ಹಿಡಿದ ಸಡಿಲ ಬಟ್ಟೆ, ಗಿಡ್ಡ ತೋಳು, ಸೊಂಟಕ್ಕೆ ಬಿಗಿಯಿಲ್ಲ. ಇಷ್ಟೇ ಅದರ ವೈಭವ! ಮಲೆನಾಡು ಅಂದರೆ ಮಳೆ, ಚಳಿ ಅಂತ ಹೊರಗಿನವರ ಎಣಿಕೆ. ನಮ್ಮ ನಾರ್ವೆಯ ಕಡೆ, ಕೊಪ್ಪ-ಶೃಂಗೇರಿ ಸೀಮೆಯ ಏಪ್ರಿಲ್ ತಿಂಗಳ ಸೆಕೆ ಬಲ್ಲವರೇ ಬಲ್ಲರು. ಹಲಸಿನ ಹಪ್ಪಳಕ್ಕೆ ಒಳ್ಳೆಯ ಬಿಸಿಲು, ಮಕ್ಕಳ ಮೈಗೆ ಬೆವರುಸಾಲೆ. ಆ ದಿನಗಳಿಗೆ ಈ ಫ್ರಾಕಿನಷ್ಟು ಹಿತವಾದ ಉಡುಪು ಬೇರೊಂದಿಲ್ಲ. ಮಗಳಿಗೆ ಆಯಿತು, ತಂಗಿಯ ಮಕ್ಕಳಿಗೆ ಆಯಿತು, ಮೊಮ್ಮಗಳು ಐದು ವರ್ಷದವಳಿದ್ದಾಗ ಅವಳಿಗೂ ಆಯಿತು.

ಈ ಸಲ ರಜೆಗೆ ಬಂದ ಅದೇ ಮೊಮ್ಮಗಳಿಗೆ ಹನ್ನೊಂದು ತುಂಬಿದೆ. ಬಂದ ದಿನವೇ ಗಮನಿಸಿದೆ. ಹಣೆಯಿಂದ ಬೆವರು ಇಳಿಯುತ್ತಿದ್ದರೂ ಮೈಮೇಲಿನ ಸ್ವೆಟರ್ ಬಿಚ್ಚಳು. ನಡೆಯುವಾಗ ಬೆನ್ನು ಬಾಗಿಸಿ, ಎರಡೂ ಕೈ ಎದೆಗೆ ಕಟ್ಟಿಕೊಳ್ಳುತ್ತಾಳೆ. ಫೋನಿನಲ್ಲಿ ಮಗಳು, “ಅಮ್ಮಾ, ಬ್ಯಾಗ್ ತುಂಬ ಹೊಸ ಬಟ್ಟೆ ಇಟ್ಟಿದ್ದೀನಿ, ಒಂದನ್ನೂ ಹಾಕ್ಕೊಳ್ಳಲ್ಲ. ಬರೀ ಹಟ” ಅಂದಳು.

ಹಟವಲ್ಲ ಅಂತ ನಿಮಗೂ ಹೊಳೆದಿರಬೇಕು. ಆ ಹೊಸ ಉಡುಪುಗಳ ಪಟ್ಟಿಯಲ್ಲಿ “10-11 ವರ್ಷ” ಅಂತ ಅಚ್ಚಾಗಿತ್ತು. ಮೈ ಆ ಪಟ್ಟಿಯನ್ನು ಓದಿ ಬೆಳೆಯುತ್ತದೆಯೇ? ಹುಡುಗಿಯರಲ್ಲಿ ಎದೆಯ ಬೆಳವಣಿಗೆ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಶುರುವಾಗುತ್ತದೆ ಎನ್ನುತ್ತಾರೆ ವೈದ್ಯರು. ಒಬ್ಬಳಿಗೆ ಮೊದಲು, ಇನ್ನೊಬ್ಬಳಿಗೆ ತಡ. ಎಲ್ಲವೂ ಸಹಜವೇ. ಆದರೆ ಅಂಟಿಕೊಳ್ಳುವ ಬಟ್ಟೆ ಹಾಕಿಕೊಂಡು ನಾಲ್ಕು ಜನರ ಮುಂದೆ ನಿಲ್ಲಬೇಕಾದ ಕೂಸಿಗೆ ಆ ಸಮಾಧಾನ ಸಾಲದು.

ನಾನು ಏನೂ ಕೇಳಲಿಲ್ಲ. ಟ್ರಂಕಿನಿಂದ ಸುರುಳಿ ತೆಗೆದು, “ಪುಟ್ಟೀ, ನಿನ್ನಮ್ಮನ ಫ್ರಾಕಿನ ಅಳತೆ ಇದು. ನಿನಗೊಂದು ಹೊಲಿಯಲೇನೇ?” ಅಂದೆ. ಅವಳು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಟೈಟ್ ಇರುತ್ತಾ ಅಜ್ಜಿ?”

“ನೀನು ಹೇಳಿದಷ್ಟು ಸಡಿಲ” ಅಂದೆ.

ಅಳತೆಯನ್ನು ಜಗಲಿಯಲ್ಲಿ ತೆಗೆಯಲಿಲ್ಲ. ಒಳಕೋಣೆಯ ಬಾಗಿಲು ಹಾಕಿ, ಟೇಪನ್ನು ಅವಳ ಕೈಗೇ ಕೊಟ್ಟೆ. ತಾನೇ ಸುತ್ತಿಕೊಂಡು ಅಂಕಿ ಓದಿದಳು, ನಾನು ಬರೆದುಕೊಂಡೆ. ಎದೆಸುತ್ತು 28 ಇಂಚು. “ಎಷ್ಟು ಬೇಗ ಬೆಳೆದೆಯೇ!” ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ಆಡಲಿಲ್ಲ. ಸೋದರಿಯರೇ, ಈ ವಯಸ್ಸಿನ ಮಕ್ಕಳ ಮುಂದೆ ಆ ಮಾತನ್ನು ನೀವೂ ಆಡಬೇಡಿ. ನಮಗದು ಹೆಮ್ಮೆ, ಅವರಿಗೆ ನಾಚಿಕೆ.

ಹಳೆಯ ಅಳತೆಯನ್ನು ಬೆಳೆದ ಹುಡುಗಿಗೆ ಹೊಂದಿಸುವುದು ಕಷ್ಟವಲ್ಲ. ಮೂಲ ಕಾಗದಕ್ಕೆ ಕತ್ತರಿ ತಾಗಿಸಬೇಡಿ. ಹೊಸ ಹಾಳೆಯ ಮೇಲಿಟ್ಟು ನಕಲು ತೆಗೆಯಿರಿ. ಆ ನಕಲನ್ನು ಭುಜದ ನಡುವಿನಿಂದ ಕೆಳಕ್ಕೆ ನೇರವಾಗಿ ಕತ್ತರಿಸಿ, ಬೇಕಾದಷ್ಟು ಬಿಡಿಸಿ, ಅಡಿಗೊಂದು ಕಾಗದ ಅಂಟಿಸಿ. ನಮ್ಮ ಅಳತೆ ಅರ್ಧ ಮೈಯದು. ಆದ್ದರಿಂದ ಅರ್ಧ ಇಂಚು ಬಿಡಿಸಿದರೆ ಮುಂಭಾಗಕ್ಕೆ ಒಂದು ಇಂಚು ಹೆಚ್ಚುತ್ತದೆ, ಹಿಂಭಾಗಕ್ಕೂ ಹಾಗೆಯೇ. ಕಂಕುಳನ್ನೂ ಅಷ್ಟಿಷ್ಟು ಇಳಿಸಿಕೊಳ್ಳಿ.

ಮುಖ್ಯವಾದದ್ದು ಯೋಕಿನ ಗೆರೆ. ಅದು ಎದೆಯ ಉಬ್ಬಿಗಿಂತ ಮೇಲೆಯೇ ನಿಲ್ಲಬೇಕು. ಉಬ್ಬಿನ ಮೇಲೆ ಬಂದರೆ ಮುಚ್ಚಬೇಕಾದ್ದನ್ನೇ ತೋರಿಸುತ್ತದೆ. ಕೆಳಗಿನ ಬಟ್ಟೆ ಯೋಕಿನ ಅಗಲದ ಎರಡರಷ್ಟಿರಲಿ. ನೆರಿಗೆಯನ್ನೆಲ್ಲ ನಡುವಿಗೆ ಕೂಡಿಸಿ, ಕಂಕುಳ ಪಕ್ಕದಲ್ಲಿ ಎರಡು ಇಂಚು ನೆರಿಗೆಯಿಲ್ಲದೆ ಬಿಡಿ. ಆಗ ಬಟ್ಟೆ ಮುಂದಕ್ಕೆ ಸಡಿಲವಾಗಿ ಬೀಳುತ್ತದೆ, ತೋಳಿನಡಿ ಮುದ್ದೆಯಾಗುವುದಿಲ್ಲ. ಯೋಕಿನ ಒಳಗೆ ತೆಳು ಮಲ್ಮಲ್ ಲೈನಿಂಗ್ ಕೊಟ್ಟು, ಅದನ್ನು ಮೂರು ನಾಲ್ಕು ಇಂಚು ಕೆಳಕ್ಕೂ ಇಳಿಬಿಟ್ಟರೆ, ಹುಡುಗಿ ಬಿಸಿಲಿಗೆ ಎದುರಾಗಿ ನಿಂತರೂ ಅಳುಕಬೇಕಾಗಿಲ್ಲ.

ಕೊಪ್ಪದ ಪೇಟೆಯಿಂದ ತಿಳಿನೀಲಿಯ ಹೂವಿನ ಕೇಂಬ್ರಿಕ್ ತಂದೆ. 44 ಇಂಚು ಪನ್ನದ ಬಟ್ಟೆ ಎರಡೂವರೆ ಮೀಟರ್ ಧಾರಾಳ. ರಾತ್ರಿ ನೀರಿನಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿದ ಮೇಲೆಯೇ ಕತ್ತರಿ. ಹತ್ತಿ ಬಟ್ಟೆ ಎಷ್ಟು ಕುಗ್ಗುವುದೋ ಹೊಲಿಯುವ ಮೊದಲೇ ಕುಗ್ಗಿಬಿಡಲಿ. ಕೆಳಅಂಚಿಗೆ ಮೂರು ಇಂಚು ಮಡಿಕೆ ಕೊಟ್ಟಿದ್ದೇನೆ; ಮುಂದಿನ ಬೇಸಿಗೆಗೆ ಬಿಚ್ಚಿ ಉದ್ದ ಮಾಡಬಹುದು. ಅವಳ ಬೇಡಿಕೆ ಒಂದೇ: ಎರಡು ಜೇಬು. ಪಕ್ಕದ ಹೊಲಿಗೆಯಲ್ಲಿ ಆಳವಾದ ಜೇಬುಗಳನ್ನೇ ಇಟ್ಟೆ. ಎದೆಗೆ ಕಟ್ಟುತ್ತಿದ್ದ ಕೈಗಳಿಗೆ ಹೋಗಲು ಒಂದು ಜಾಗ ಬೇಕಲ್ಲ!

ನನ್ನದು ಕಾಲಲ್ಲಿ ತುಳಿಯುವ ಮಷೀನು. ಮೊದಲ ಗುಡುಗಿಗೇ ಕರೆಂಟು ಹೋಗುವ ಈ ಊರಿನಲ್ಲಿ ಅದೇ ನಂಬಿಕಸ್ಥ. ಎರಡು ಮಧ್ಯಾಹ್ನದಲ್ಲಿ ಫ್ರಾಕು ಮುಗಿಯಿತು.

ಹಾಕಿಕೊಂಡು ಬಂದವಳು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಜೇಬಿಗೆ ಕೈ ಹಾಕಿ ಒಮ್ಮೆ ತಿರುಗಿದಳು, ಅಂಗಳಕ್ಕೆ ಇಳಿದಳು. ಸಂಜೆ ನೋಡಿದರೆ ಸ್ವೆಟರ್ ಗಳದ ಮೇಲೆ, ಹುಡುಗಿ ಮಾವಿನ ಮರದ ಕೊಂಬೆಯ ಮೇಲೆ. ರಾತ್ರಿ ಮಲಗುವಾಗ ಮೆಲ್ಲಗೆ, “ಅಜ್ಜಿ, ಅಮ್ಮನಿಗೂ ಹೀಗೇ ಆಗಿತ್ತಾ?” ಅಂತ ಕೇಳಿದಳು. ಆಗ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಮರುದಿನ ಮಗಳಿಗೂ ಫೋನು ಮಾಡಿ, “ಹಟ ಅಲ್ಲ ಕಣೇ” ಅಂತ ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೊಂದು ಹೊಲಿದು ಕಳಿಸು ಅಮ್ಮಾ, ಇಲ್ಲೂ ಹಾಕ್ಕೊಳ್ಳಲಿ” ಅಂದಳು.

ಅಮೆರಿಕದ ಎಬನೇಜರ್ ಬಟರಿಕ್ ಎಂಬ ಟೈಲರ್ 1863ರಲ್ಲಿ ಬೇರೆ ಬೇರೆ ಅಳತೆಯ ಕಾಗದದ ಮಾದರಿಗಳನ್ನು ಮಾರಲು ಶುರುಮಾಡಿದನಂತೆ. ಅದರಿಂದ ಮನೆಯಲ್ಲಿ ಹೊಲಿಯುವ ಅಸಂಖ್ಯ ಹೆಂಗಸರಿಗೆ ಅನುಕೂಲವಾಯಿತು, ನಿಜ. ಆದರೆ ಮನೆಯ ಮಗುವನ್ನು ನಿಲ್ಲಿಸಿ ಅಳೆದ ಕಾಗದಕ್ಕೆ ಆ ಮಗುವಿನ ಗುರುತಿರುತ್ತದೆ. ಆದ್ದರಿಂದ ಪ್ರತಿ ಸಲ ಹೊಲಿದಾಗಲೂ ನಕಲಿನ ಮೇಲೆ ಹೆಸರು, ವರ್ಷ, ಎದೆಸುತ್ತು, ಉದ್ದ, ಮಾಡಿದ ಬದಲಾವಣೆ ಬರೆದಿಡಿ. ಮಡಿಸಬೇಡಿ, ಮಡಿಕೆಯಲ್ಲೇ ಕಾಗದ ಹರಿಯುತ್ತದೆ. ಸುರುಳಿ ಸುತ್ತಿ, ಮಳೆಗಾಲದ ತೇವ ತಾಗದಂತೆ ಡಬ್ಬಿಯಲ್ಲಿಟ್ಟು, ಜೊತೆಗೆ ನಾಲ್ಕು ಒಣ ಬೇವಿನೆಲೆ ಹಾಕಿ.

ನಿಮ್ಮ ಮನೆಯಲ್ಲೂ ಬೇಸಿಗೆಯಲ್ಲಿ ಸ್ವೆಟರ್ ಬಿಚ್ಚದ ಹುಡುಗಿಯಿದ್ದರೆ, ಬೈಯಬೇಡಿ. ಟೇಪು ಅವಳ ಕೈಗೆ ಕೊಟ್ಟು ನೋಡಿ.